ಇಬ್ಬರೇ ಇರುವ ಮನೆಗೆ ಎಂಥ ಅಡುಗೆಮನೆ?

ಪ್ರಶ್ನೆ: ನನಗೆ 61, ನಮ್ಮ ಯಜಮಾನರಿಗೆ 67. ಶಿವಮೊಗ್ಗದಲ್ಲಿ 1996ರಲ್ಲಿ ಕಟ್ಟಿಸಿದ ಮನೆ. ಮಗಳು ಪುಣೆಯಲ್ಲಿ, ಮಗ ಜರ್ಮನಿಯಲ್ಲಿ. ಆರು ಜನಕ್ಕೆ ಬೇಯಿಸುತ್ತಿದ್ದ ಅಡುಗೆಮನೆಯಲ್ಲಿ ಈಗ ನಾವಿಬ್ಬರೇ. ನನ್ನ ಎತ್ತರ 4 ಅಡಿ 11 ಇಂಚು, ಅಡುಗೆಕಟ್ಟೆಯದು 33 ಇಂಚು. ಪಲ್ಯ ಬಾಡಿಸುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಗೋಡೆ ಒಡೆಸಿ ಓಪನ್ ಕಿಚನ್ ಮಾಡಿಸಿ ಎಂದು ಮಗ ಫೋಟೊ ಕಳಿಸುತ್ತಾನೆ. ಇವರು, ‘ಇಬ್ಬರಿಗೆ ಇಷ್ಟೆಲ್ಲ ಯಾಕೆ’ ಅನ್ನುತ್ತಾರೆ. ಏನು ಮಾಡಿಸಲಿ?

ಉತ್ತರ: ಮೊದಲು ಭುಜದ ವಿಚಾರ ನೋಡೋಣ. ನಿಮ್ಮ ಎತ್ತರದವರಿಗೆ ಮೊಣಕೈ ನೆಲದಿಂದ ಸುಮಾರು 37 ಇಂಚು ಮೇಲಿರುತ್ತದೆ. ತರಕಾರಿ ಹೆಚ್ಚಲು ಅದಕ್ಕಿಂತ ನಾಲ್ಕು ಇಂಚು ತಗ್ಗಿದ್ದರೆ ಸಾಕು, ಅಂದರೆ 33. ನಿಮ್ಮ ಕಟ್ಟೆ ಹೆಚ್ಚುವುದಕ್ಕೆ ಸರಿಯಾಗಿಯೇ ಇದೆ! ತೊಂದರೆ ಇರುವುದು ಒಲೆಯ ಹತ್ತಿರ. ಕಟ್ಟೆಯ ಮೇಲೆ ಒಲೆ ಐದು ಇಂಚು, ಅದರ ಮೇಲೆ ಬಾಣಲೆ ನಾಲ್ಕು ಇಂಚು ಎಂದರೂ ಬಾಣಲೆಯ ಬಾಯಿ 42 ಇಂಚಿಗೆ ಬಂತು. ಪ್ರತಿ ಸಲ ಸೌಟಾಡಿಸುವಾಗಲೂ ತೋಳೆತ್ತಲೇಬೇಕು.

ಹಾಗಾಗಿ ಇಡೀ ಕಟ್ಟೆ ಒಡೆಸಬೇಡಿ. ಒಲೆ ಇರುವ ಮೂರು ಅಡಿಯಷ್ಟನ್ನು ಮಾತ್ರ 28 ಇಂಚಿಗೆ ಇಳಿಸಿ. ಒಪ್ಪುವ ಮೊದಲು ಒಂದು ಪರೀಕ್ಷೆ ಮಾಡಿ. ಊಟದ ಮೇಜು ಸಾಮಾನ್ಯವಾಗಿ 30 ಇಂಚು ಇರುತ್ತದೆ. ಅದರ ಮೇಲೆ ಮೂರು ಇಂಚು ಹಳೆ ಪುಸ್ತಕ ಪೇರಿಸಿದರೆ 33 ಆಯಿತು; 28 ಇಂಚಿನ ಕಟ್ಟೆಗೆ ಐದು ಇಂಚಿನ ಒಲೆ ಸೇರಿದರೂ ಅಷ್ಟೇ. ಅಲ್ಲಿ ಬಾಣಲೆ ಇಟ್ಟು, ಎರಡು ಪಾವು ಅಕ್ಕಿ ಸುರಿದು ಐದು ನಿಮಿಷ ಕೈಯಾಡಿಸಿ. ಅಡುಗೆಮನೆಯಲ್ಲಿ ಚಪ್ಪಲಿ ಹಾಕುವ ಅಭ್ಯಾಸವಿದ್ದರೆ ಈಗಲೂ ಹಾಕಿಕೊಂಡೇ ನಿಲ್ಲಿ. ಭುಜ ಏನು ಹೇಳುತ್ತದೋ ಅದೇ ನಿಮ್ಮ ಅಳತೆ. ಯಜಮಾನರೂ ಒಲೆ ಮುಂದೆ ನಿಲ್ಲುವವರಾದರೆ ಅವರಿಂದಲೂ ಕೈಯಾಡಿಸಿ. ಇಂಥ ಮನೆಗಳಲ್ಲಿ ನಿವೃತ್ತಿಯಾದ ಮೇಲೆ ಗಂಡಸರು ಕಾಫಿಯಿಂದ ಶುರುಮಾಡಿ ಸಾರಿನವರೆಗೂ ಬಂದಿರುವುದನ್ನು ನೋಡಿದ್ದೇನೆ.

ಹಳೆ ಗ್ರಾನೈಟಿಗೆ ಹೊಂದುವ ಬಣ್ಣ ಹುಡುಕುತ್ತಾ ಅಲೆಯಬೇಡಿ, ಬೇರೆ ಬಣ್ಣದ್ದನ್ನೇ ಹಾಕಿಸಿ. ಕಟ್ಟೆ ತಗ್ಗುವ ಜಾಗ ಕಣ್ಣಿಗೂ ಬೀಳುತ್ತದೆ. ತಗ್ಗಿಸಿದ ಕಟ್ಟೆಯ ಕೆಳಗೆ ಸಿಲಿಂಡರ್ ಹಿಡಿಸುವುದು ಕಷ್ಟ. ಪಕ್ಕದ ಅಂಕಣದಲ್ಲಿ ನಿಲ್ಲಿಸಿ, ಅಲ್ಲಿ ಬಾಗಿಲು ಹಾಕಿಸುವುದಾದರೆ ನೆಲದ ಮಟ್ಟದಲ್ಲಿ ಜಾಲರಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷವಾಗಿದ್ದರೆ ಇದೇ ನೆಪದಲ್ಲಿ ಬದಲಿಸಿಬಿಡಿ. ತುಂಬಿದ ಸಿಲಿಂಡರ್ ಮೂವತ್ತು ಕೆಜಿ ತೂಗುತ್ತದೆ, ಚಕ್ರದ ಸ್ಟ್ಯಾಂಡ್ ತೆಗೆದುಕೊಳ್ಳಿ.

ದುಡ್ಡು ಹಾಕಬೇಕಾದ ಎರಡನೇ ಜಾಗ ಕಟ್ಟೆಯ ಕೆಳಭಾಗ. ಆ ಕಾಲದ ಮನೆಗಳಲ್ಲಿ ಅಲ್ಲಿ ಕಡಪಾ ಕಲ್ಲಿನ ಅಂಕಣಗಳೇ ಹೆಚ್ಚು. ಹಿಂದಿರುವ ಡಬ್ಬಿ ಬೇಕೆಂದರೆ ಮಂಡಿಯೂರಿ ಕೂರಬೇಕು. ಪೂರ್ತಿ ಹೊರಗೆ ಬರುವ ಡ್ರಾಯರ್ ಮಾಡಿಸಿ. ದಿನನಿತ್ಯದ್ದು ಮೇಲಿನ ಡ್ರಾಯರಿಗೆ, ವಾರಕ್ಕೊಮ್ಮೆ ಬೇಕಾದ್ದು ಕೆಳಕ್ಕೆ. ಸಿಂಕಿನ ಅಕ್ಕಪಕ್ಕ ಪಾರ್ಟಿಕಲ್ ಬೋರ್ಡ್ ಹಾಕಲು ಬಂದವರನ್ನು ವಾಪಸ್ ಕಳಿಸಿ. ಮಲೆನಾಡಿನ ಒಂದು ಮಳೆಗಾಲಕ್ಕೇ ಅದು ಉಬ್ಬಿಕೊಳ್ಳಬಹುದು. ನೀರು ತಡೆದುಕೊಳ್ಳುವ, ಐಎಸ್ 710 ಮುದ್ರೆಯ ಪ್ಲೈವುಡ್ಡನ್ನೇ ಕೇಳಿ.

ಅಟ್ಟದ ಮೇಲಿನ ದೊಡ್ಡ ಇಡ್ಲಿ ಪಾತ್ರೆ, ಕೊಪ್ಪರಿಗೆ ಮಾರಬೇಕೆಂದೇನಿಲ್ಲ, ಆದರೆ ಈ ವಯಸ್ಸಿನಲ್ಲಿ ಸ್ಟೂಲ್ ಹತ್ತಿ ಅವನ್ನು ಇಳಿಸುವುದು ಬೇಡ. ಮಕ್ಕಳ ಕೋಣೆಯ ಬೀರು ಅರ್ಧ ಖಾಲಿಯೇ ಇರುತ್ತದಲ್ಲ, ಅದರ ಕೆಳ ಅಂಕಣಕ್ಕೆ ಸಾಗಿಸಿ. ಮಗಳು ಹಬ್ಬಕ್ಕೆ ಬಂದಾಗ ತೆಗೆದರಾಯಿತು.

ಓಪನ್ ಕಿಚನ್ ಬಗ್ಗೆ ನನ್ನ ಉತ್ತರ ಬೇಡ ಎಂದೇ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು ಚಿಮಣಿ ಇದ್ದರೂ ಸೋಫಾದವರೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಗೋಡೆ ಮೇಲಿನ ಆರ್‌ಸಿಸಿಯ ಭಾರ ಹೊತ್ತಿರಬಹುದು. ಎಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ಕೀಳಿಸಬಾರದು. ಮಗನ ಆಸೆ ನೀವು ಒಳಗೆ ಒಬ್ಬರೇ ಇರಬಾರದೆಂದು ಇರಬೇಕು. ಅದಕ್ಕೆ ಅಡುಗೆಮನೆಯಲ್ಲೇ 30 ಇಂಚಿನ ಪುಟ್ಟ ಮೇಜು, ಎರಡು ಕುರ್ಚಿ ಸಾಕು. ಹುರುಳಿಕಾಯಿ ನಾರು ಬಿಡಿಸಲು ಯಜಮಾನರಿಗೂ ಜಾಗವಾಯಿತು.

ಇನ್ನು ಸಣ್ಣಪುಟ್ಟವು: ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ಹೆಚ್ಚುವ ಮಣೆಯ ಮೇಲೆ ನಿಮ್ಮದೇ ನೆರಳು ಬೀಳುತ್ತದೆ, ಮೇಲಿನ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಹಾಕಿಸಿ. ನೆಲದ ಟೈಲ್ಸ್ ನುಣುಪಾಗಿದ್ದರೆ ಸಿಂಕಿನ ಮುಂದಾದರೂ ಜಾರದಂಥದ್ದು ಇರಲಿ. ಇಂಡಕ್ಷನ್ ಒಲೆಗೆ 16 ಆಂಪ್ಸ್ ಸಾಕೆಟ್ ಮತ್ತು ಬೋರ್ಡಿನಿಂದಲೇ ಪ್ರತ್ಯೇಕ ತಂತಿ ಬೇಕು.

ಕಲ್ಲು ಕತ್ತರಿಸುವ ದಿನ ಧೂಳು ಮನೆಯಿಡೀ ಹರಡುತ್ತದೆ. ದಿನಸಿ ಡಬ್ಬಗಳನ್ನೆಲ್ಲ ಮೊದಲೇ ಬೇರೆ ಕೋಣೆಗೆ ಸಾಗಿಸಿ ಬಾಗಿಲು ಹಾಕಿ. ಮಕ್ಕಳು ಊರಿಗೆ ಬರುವ ತಿಂಗಳಲ್ಲಂತೂ ಈ ಕೆಲಸ ಶುರುಮಾಡಬೇಡಿ.