ಬರೆದಿಟ್ಟ ಗುರಿಗಳು ಎರಡೇ ತಿಂಗಳಲ್ಲಿ ಕೈಬಿಟ್ಟುಹೋಗುತ್ತವೆ, ಯೋಜನೆ ಹಾಕುವುದು ಹೇಗೆ?

ಪುಸ್ತಕ ಬರೆಯುವುದು, ಹೊಸ ಭಾಷೆ, ವ್ಯಾಯಾಮ, ಉಳಿತಾಯ, ಒಂದು ಪರೀಕ್ಷೆ. ಹೀಗೆ ಐದು ಗುರಿಗಳನ್ನು ಜನವರಿಯಲ್ಲಿ ಬರೆದಿಡುತ್ತೀರಿ, ಮಾರ್ಚ್ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ, ಮನಸ್ಸು ಗಟ್ಟಿಯಿಲ್ಲದ್ದೇ ಕಾರಣವೇ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಏನು ಬೇಕು ಅನ್ನುವುದು ನಿಮ್ಮ ಪಟ್ಟಿಯಲ್ಲಿದೆ, ಅದಕ್ಕೆ ವಾರದ ಯಾವ ಗಂಟೆ ಕೊಡುತ್ತೀರಿ ಅನ್ನುವುದು ಎಲ್ಲೂ ಇಲ್ಲ. ಈ ಸಲ ಗುರಿಯನ್ನು ಪಕ್ಕಕ್ಕಿಟ್ಟು ಮೊದಲು ಗಂಟೆಗಳನ್ನು ಎಣಿಸಿ.

ವಾರಕ್ಕೆ 168 ಗಂಟೆ. ನಿದ್ದೆಗೆ 56, ಕೆಲಸ ಮತ್ತು ಓಡಾಟಕ್ಕೆ 55, ಅಡುಗೆ, ಸ್ನಾನ, ಮನೆಗೆಲಸ, ಮನೆಯವರ ಜೊತೆಗಿನ ಹೊತ್ತು ಎಲ್ಲ ಸೇರಿ 35 ಅಂದುಕೊಂಡರೆ ಉಳಿಯುವುದು 22. ನಿಮ್ಮ ಲೆಕ್ಕ ಬೇರೆಯೇ ಇರುತ್ತದೆ. ಅದನ್ನು ಅಂದಾಜಿನಲ್ಲಿ ಹಾಕಬೇಡಿ, ಒಂದು ವಾರ ಪೂರ್ತಿ ಅರ್ಧ ಗಂಟೆಗೊಂದು ಸಾಲಿನಂತೆ ಏನು ಮಾಡಿದಿರೋ ಬರೆದಿಡಿ. ಉಳಿದ ಗಂಟೆಗಳಲ್ಲಿ ಸುಸ್ತಾಗಿ ಸುಮ್ಮನೆ ಕೂರುವ ರಾತ್ರಿಗಳೂ ಸೇರಿರುವುದರಿಂದ ಮೂರರಲ್ಲೊಂದು ಪಾಲನ್ನು ಮಾತ್ರ ಗುರಿಗೆಂದು ತೆಗೆದಿಡಿ. ಅಂದರೆ ಸುಮಾರು 7 ಗಂಟೆ. ಅದನ್ನು ಐದು ಗುರಿಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ಗಂಟೆಯೂ ಬರುವುದಿಲ್ಲ, ಯಾವುದೂ ಮುಂದೆ ಸಾಗುವುದಿಲ್ಲ. ಮಾರ್ಚ್‌ನಲ್ಲಿ ಆಗುವುದು ಇದೇ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ್ದರಿಂದ ಒಂದು ದೊಡ್ಡ ಗುರಿ, ಒಂದು ಚಿಕ್ಕದು ಇಟ್ಟುಕೊಳ್ಳಿ. ಪುಸ್ತಕಕ್ಕೆ 5 ಗಂಟೆ, ವ್ಯಾಯಾಮಕ್ಕೆ 2. ಭಾಷೆ ಮತ್ತು ಪರೀಕ್ಷೆ ಇನ್ನೊಂದು ಹಾಳೆಗೆ ಹೋಗಲಿ, ತಲೆಬರಹ ‘ಸದ್ಯಕ್ಕಲ್ಲ’. ಪರೀಕ್ಷೆಯ ದಿನಾಂಕ ಹತ್ತಿರದಲ್ಲೇ ಇದ್ದರೆ ಅದು ಪುಸ್ತಕದ ಜಾಗಕ್ಕೆ ಬರಬೇಕು. ಉಳಿತಾಯದ ಲೆಕ್ಕ ಬೇರೆ, ಅದಕ್ಕೆ ವಾರವಾರ ಹೊತ್ತು ಬೇಕಿಲ್ಲ. ಸಂಬಳ ಬಂದ ಮರುದಿನವೇ ನಿಗದಿತ ಮೊತ್ತ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಒಮ್ಮೆ ಕೂತು ವ್ಯವಸ್ಥೆ ಮಾಡಿದರೆ ಆಯಿತು.

ಈಗ ದೊಡ್ಡ ಗುರಿಯ ಲೆಕ್ಕ. 200 ಪುಟದ ಪುಸ್ತಕ, ತಿದ್ದುವುದೂ ಸೇರಿ ಪುಟಕ್ಕೆ 2 ಗಂಟೆ ಹಿಡಿದರೆ 400 ಗಂಟೆ ಆಯಿತು. ವಾರಕ್ಕೆ 5 ಗಂಟೆಯಂತೆ 80 ವಾರ, ಅಂದರೆ ಒಂದೂವರೆ ವರ್ಷ. ‘ಈ ವರ್ಷ ಪುಸ್ತಕ ಮುಗಿಸುತ್ತೇನೆ’ ಎಂದು ಬರೆದ ದಿನವೇ ಆ ಗುರಿ ಸಾಧ್ಯವಿರಲಿಲ್ಲ! ಈ ಲೆಕ್ಕ ಕಣ್ಣ ಮುಂದಿದ್ದರೆ ಪುಸ್ತಕವನ್ನು 120 ಪುಟಕ್ಕೆ ಇಳಿಸಬಹುದು, ದಿನಾಂಕವನ್ನು ಮುಂದಕ್ಕೆ ಹಾಕಬಹುದು, ಅಥವಾ ಇನ್ನೇನನ್ನಾದರೂ ಬಿಟ್ಟು ಗಂಟೆ ಹೆಚ್ಚಿಸಿಕೊಳ್ಳಬಹುದು. ಪುಟಕ್ಕೆ 2 ಗಂಟೆ ಅನ್ನುವುದನ್ನೂ ನಂಬಿ ಕೂರಬೇಡಿ. ನಮ್ಮ ಕೆಲಸಕ್ಕೆ ಹಿಡಿಯುವ ಕಾಲವನ್ನು ನಾವು ಕಡಿಮೆಯೇ ಅಂದಾಜಿಸುತ್ತೇವೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಅಂದಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು. ಎರಡು ವಾರ ನಿಜವಾಗಿ ಬರೆದು ನೋಡಿ, ಆಗ ಬಂದ ವೇಗದಿಂದ ಲೆಕ್ಕವನ್ನು ಹೊಸದಾಗಿ ಹಾಕಿ.

ಆಮೇಲೆ ಆ 5 ಗಂಟೆಗೆ ಜಾಗ ಹುಡುಕಬೇಕು. ‘ಸಮಯ ಸಿಕ್ಕಾಗ ಬರೆಯುತ್ತೇನೆ’ ಅನ್ನುವುದು ಯೋಜನೆಯೇ ಅಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟ ದಾರಿ ಸರಳವಾದದ್ದು: ‘ಇಂಥದ್ದು ಆದಾಗ, ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಬರೆದಿಡುವುದು. ಮೊದಲ ಭಾಗದಲ್ಲಿ ಕಣ್ಣಿಗೆ ಕಾಣುವ ಒಂದು ಘಟನೆ ಇರಬೇಕು. ‘ಬೆಳಿಗ್ಗೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಮೇಜಿಗೆ ಹೋಗಿ ನಿನ್ನೆಯ ಕೊನೆಯ ಪ್ಯಾರಾ ಓದುತ್ತೇನೆ.’ ಇದರಲ್ಲಿ ‘ಒಂದು ಗಂಟೆ ಬರೆಯುತ್ತೇನೆ’ ಎಂದಿಲ್ಲ, ಗಮನಿಸಿ. ಮೊದಲ ಕೆಲಸ ಎರಡು ನಿಮಿಷದ್ದಾಗಿದ್ದರೆ ಕೂರುವುದು ಕಷ್ಟವಾಗುವುದಿಲ್ಲ.

ಇಂಥದ್ದೇ ಇನ್ನೊಂದು ಸಾಲು ಅಡ್ಡಿಗೂ ಬೇಕು. ಗುರಿ ಮುಟ್ಟಿದ ಚಿತ್ರವನ್ನಷ್ಟೇ ಕಲ್ಪಿಸಿಕೊಂಡು ಖುಷಿಪಡುವುದರಿಂದ ಹುರುಪು ಕುಗ್ಗುತ್ತದೆಂದು ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲ್ ಓಟಿಂಗನ್ ಅವರ ಸಂಶೋಧನೆಗಳು ಹೇಳುತ್ತವೆ. ಆ ಚಿತ್ರದ ಪಕ್ಕದಲ್ಲೇ ನಿಮ್ಮೊಳಗಿನ ಮುಖ್ಯ ಅಡ್ಡಿ ಯಾವುದೆಂದು ಬರೆಯಿರಿ. ಫೋನ್ ಆಗಿದ್ದರೆ ‘ಮೇಜಿಗೆ ಹೋಗುವಾಗ ಫೋನ್ ಕೈಯಲ್ಲಿದ್ದರೆ ಇನ್ನೊಂದು ಕೋಣೆಯಲ್ಲಿಟ್ಟು ಬರುತ್ತೇನೆ’. ಒಂದು ಗುರಿಗೆ ಇಂಥ ಎರಡು ಸಾಲು ಸಾಕು. ಹತ್ತು ಬರೆದರೆ ಒಂದೂ ನೆನಪಿಗೆ ಬರುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ ನಡೆಸಿದ ಅಧ್ಯಯನದಲ್ಲಿ ಅಭ್ಯಾಸವಾಗಲು ಹಿಡಿದ ಮಧ್ಯಮ ಅವಧಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) 66 ದಿನ ಬಂತು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾನಿಯಾಗಲಿಲ್ಲ ಅನ್ನುವುದೂ ಅದರಲ್ಲೇ ಇದೆ.

ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ, 20 ನಿಮಿಷ ಕೂತು ಮೂರು ಸಂಖ್ಯೆ ಬರೆಯಿರಿ: ಅಂದುಕೊಂಡ ಗಂಟೆ, ಕೂತ ಗಂಟೆ, ಮುಗಿದ ಪುಟ. ಕೂತ ಗಂಟೆ ಕಡಿಮೆಯಾಗಿದ್ದರೆ ಆರಿಸಿದ ಹೊತ್ತು ಸರಿಯಿಲ್ಲ, ಅದನ್ನು ಬದಲಿಸಿ. ಗಂಟೆ ಸರಿಯಿದ್ದು ಪುಟ ಕಡಿಮೆಯಿದ್ದರೆ ಅಂದಾಜು ತಪ್ಪಿದೆ, ದಿನಾಂಕವನ್ನು ತಿದ್ದಿ. ತಪ್ಪಿಹೋದ ಗಂಟೆಗಳನ್ನು ಮಾತ್ರ ಮುಂದಿನ ವಾರಕ್ಕೆ ಸೇರಿಸಬೇಡಿ. 5 ಗಂಟೆಗೇ ಜಾಗವಿರದ ವಾರದ ಮೇಲೆ 10 ಹೇರಿದರೆ ಅದೂ ತಪ್ಪುತ್ತದೆ, ಮೂರನೆಯ ವಾರಕ್ಕೆ ಹಾಳೆ ತೆರೆಯಲೂ ಮನಸ್ಸು ಬರುವುದಿಲ್ಲ. ಎಷ್ಟೋ ಯೋಜನೆಗಳು ಕೆಡುವುದು ಇಲ್ಲಿಯೇ.

ಕೊನೆಯದಾಗಿ, ಬಿಡುವ ಷರತ್ತನ್ನೂ ಇಂದೇ ಬರೆದಿಡಿ, ಬೇಸರವಾದ ದಿನ ನಿರ್ಧರಿಸಬೇಡಿ. 12 ವಾರ ಕಳೆದ ಮೇಲೆ ಲೆಕ್ಕ ನೋಡಿದಾಗ ಅಂದುಕೊಂಡ ಗಂಟೆಗಳಲ್ಲಿ ಅರ್ಧವೂ ಕೂತಿರದಿದ್ದರೆ ಗುರಿಯನ್ನು ಅರ್ಧಕ್ಕೆ ಇಳಿಸಿ, ಇಲ್ಲವೇ ಅದನ್ನು ‘ಸದ್ಯಕ್ಕಲ್ಲ’ ಹಾಳೆಗೆ ಕಳಿಸಿ ಅಲ್ಲಿಂದ ಇನ್ನೊಂದನ್ನು ಈಚೆಗೆ ತನ್ನಿ.