ಜೊಹೊರ್ ಬಾರುವಿನಿಂದ ಕೋಟ ಬಾರುವಿಗೆ ಕರಾವಳಿ ಹಿಡಿದೇ ಕಾರಿನಲ್ಲಿ ಹೋಗಬಹುದೇ?

ಹೋಗಬಹುದು. ಮಲೇಷ್ಯಾದ ಫೆಡರಲ್ ರಸ್ತೆ 3 ಹಿಡಿಯಿರಿ: ಕೋಟ ತಿಂಗಿ, ಮೆರ್ಸಿಂಗ್, ಪೆಕಾನ್, ಕುವಾಂತಾನ್, ಚುಕಾಯ್, ದುಂಗುನ್, ಮರಾಂಗ್, ಕುವಾಲಾ ತೆರೆಂಗಾನು, ಕೋಟ ಬಾರು. ಸುಮಾರು 700 ಕಿ.ಮೀ.; ಎರಡು ದಿನವಾದರೂ ಇಟ್ಟುಕೊಳ್ಳಿ.

ಮೆರ್ಸಿಂಗ್‌ವರೆಗೆ ಸಮುದ್ರ ಕಾಣುವುದೇ ಇಲ್ಲ. ಬಹುಪಾಲು ತಾಳೆ ತೋಟಗಳ ನಡುವಿನ ದಾರಿ; ಗೊನೆ ತುಂಬಿದ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಓವರ್‌ಟೇಕ್‌ಗೆ ಆತುರಪಡಬೇಡಿ. ನಿಜವಾದ ಸೊಗಸು ಚುಕಾಯ್ ದಾಟಿ ಸಿಗುವ ಕೆರ್ತೆಯಿಂದ ಮರಾಂಗ್‌ವರೆಗೆ, ಅದರಲ್ಲೂ ದುಂಗುನ್, ಮರಾಂಗ್ ನಡುವಿನ ರಂತೌ ಅಬಾಂಗ್ ಸುತ್ತಮುತ್ತ. ಕುವಾಂತಾನ್ ನಂತರ ಜಿಪಿಎಸ್ ನಿಮ್ಮನ್ನು ಟೋಲ್ ಇರುವ ಎಕ್ಸ್‌ಪ್ರೆಸ್‌ವೇಗೆ ಎಳೆಯುತ್ತದೆ. ಬೇಗ ತಲುಪುತ್ತೀರಿ, ಆದರೆ ಕಡಲು ತಪ್ಪಿಹೋಗುತ್ತದೆ. 'ಟೋಲ್ ಬೇಡ' ಎಂದು ಆರಿಸಿ. ಕುವಾಲಾ ತೆರೆಂಗಾನು ದಾಟಿದ ಮೇಲೆ ರಸ್ತೆ 3 ಒಳನಾಡಿಗೆ ತಿರುಗುತ್ತದೆ. ಕಡಲಂಚೇ ಬೇಕಿದ್ದರೆ ಮೆರಾಂಗ್, ಪೆನಾರಿಕ್ ಮೂಲಕ ಕುವಾಲಾ ಬೆಸುತ್‌ಗೆ ಹೋಗಿ.

ಮರಾಂಗ್, ಮೆರಾಂಗ್ ಬೇರೆ ಬೇರೆ ಊರು: ಕಪಾಸ್ ದ್ವೀಪದ ದೋಣಿ ಮೊದಲನೆಯದರಿಂದ, ರೆಡಾಂಗ್‌ನದು ಎರಡನೆಯದರಿಂದ. ಮೆರ್ಸಿಂಗ್‌ನಿಂದ ತಿಯೊಮಾನ್ ದ್ವೀಪದ ದೋಣಿ ಹೊರಡುವುದು ಉಬ್ಬರ ನೋಡಿಕೊಂಡು, ಏಕೆಂದರೆ ನದೀಮುಖ ಆಳವಿಲ್ಲ.

ನವೆಂಬರ್‌ನಿಂದ ಮಾರ್ಚ್ ಈಶಾನ್ಯ ಮಾನ್ಸೂನ್. ನೆರೆ ಬಂದರೆ ರಸ್ತೆ ಮುಚ್ಚುತ್ತದೆ, ಆಗ ಹೋಗಬೇಡಿ. ದಾರಿಯಲ್ಲಿ ಬರುವ ತೆರೆಂಗಾನು, ಕೆಲಾಂತಾನ್ ರಾಜ್ಯಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ.