ಡ್ರಮ್ ಒಲೆ ಬೆಳಗಿನ ತನಕ ಉರಿಯಬೇಕು ಅನ್ನುವವರಿಗೆ

ಗಂಗಾವತಿ ಕಡೆಯ ಅಣ್ಣ, ಕೋಳಿಮರಿ ಶೆಡ್ಡು ಬೆಚ್ಚಗಿಡಲು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿದ ಒಲೆಗೆ ರಾತ್ರಿ ಹತ್ತಕ್ಕೆ ತುಂಬ ಕಟ್ಟಿಗೆ ಹಾಕಿ ಗಾಳಿ ತೂತು ಪೂರ್ತಿ ಮುಚ್ಚುತ್ತೇನೆ, ಬೆಳಗ್ಗೆ ಆರಕ್ಕೂ ಕೆಂಡ ಇರುತ್ತದೆ, ಆದರೂ ಮರಿಗಳು ಮೂಲೆಗೆ ಗುಂಪುಗೂಡಿ ಸಾಯುತ್ತಿವೆ ಅಂತ ಬರೆದಿದ್ದೀರಿ. ಇನ್ನೂ ಜಾಸ್ತಿ ಹೊತ್ತು ಉರಿಸುವುದು ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಮೊದಲು ಆ ತೂತು ತೆಗೆಯಿರಿ. ನಮ್ಮ ಶೆಡ್ಡಿನಲ್ಲೂ ಹೀಗೇ ಮುಚ್ಚಿ ಒಂದು ಬ್ಯಾಚ್‌ನಲ್ಲಿ ತುಂಬಾ ಮರಿ ಹೋದವು. ಕೆಂಡ ಇತ್ತು, ಶಾಖ ಇರಲಿಲ್ಲ.

ಲೆಕ್ಕ ನೋಡಿ. ಚೆನ್ನಾಗಿ ಒಣಗಿದ ಕಟ್ಟಿಗೆ ಒಂದು ಕೆಜಿಗೆ ಹೆಚ್ಚುಕಡಿಮೆ 4 ಯೂನಿಟ್ ಕರೆಂಟಿನಷ್ಟು ಶಾಖ ಕೊಡುತ್ತದೆ. 15 ಕೆಜಿ ತುಂಬಿದರೆ 60 ಯೂನಿಟ್. ಡ್ರಮ್ ಒಲೆಯಲ್ಲಿ ಅರ್ಧ ಹೊಗೆ ಕೊಳವೆಯಲ್ಲೇ ಹೋಯಿತು ಅಂತಿಟ್ಟುಕೊಳ್ಳಿ, ಉಳಿದದ್ದು 30. ಅದನ್ನು 5 ಗಂಟೆಯಲ್ಲಿ ಉರಿಸಿದರೆ 6 ಕಿಲೋವ್ಯಾಟ್ ಹೀಟರ್ ಇಟ್ಟಂತೆ. 10 ಗಂಟೆ ಎಳೆದರೆ 3 ಕಿಲೋವ್ಯಾಟ್ ಮಾತ್ರ. ಗಾಳಿ ಕಟ್ಟಿದರೆ ಅಷ್ಟೂ ಸಿಗುವುದಿಲ್ಲ, ಯಾಕೆಂದರೆ ಉರಿಯಬೇಕಾದ ಅನಿಲ ಹೊಗೆಯಾಗಿ ಹೊರಗೆ ಹೋಗುತ್ತದೆ. ಮೊದಲ ವಾರ ಮರಿಗೆ 33ರಿಂದ 35 ಡಿಗ್ರಿ ಬೇಕು. ಡಿಸೆಂಬರ್ ಜನವರಿಯ ನಸುಕಿನಲ್ಲಿ ಮುಚ್ಚಿದ ಒಲೆ ಅದನ್ನು ಕೊಡಲಾರದು. ಅದಕ್ಕೇ 'ಎಷ್ಟು ಗಂಟೆ ಉರಿಯಿತು' ಅಂತ ಯಾರಾದರೂ ಹೇಳಿದರೆ, ಆಗ ಶೆಡ್ಡಿನಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಕೇಳಿ.

ಇನ್ನು ಕಟ್ಟಿಗೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಲೆ ಹೊತ್ತಿಸುವುದಕ್ಕೆ ಸರಿ, ರಾತ್ರಿಗೆ ಆಗುವುದಿಲ್ಲ. ಬಳ್ಳಾರಿ ಜಾಲಿಯೇ ಬೇಕು. ಆದರೆ ಜಾಲಿ ಹಸಿ ಇದ್ದರೂ ಹೊತ್ತಿಕೊಳ್ಳುತ್ತದೆ, ತೊಂದರೆ ಅಲ್ಲೇ ಶುರು. ಹೊತ್ತಿತಲ್ಲ ಅಂತ ಎಲ್ಲರೂ ಹಸಿಯನ್ನೇ ತುಂಬುತ್ತಾರೆ. ಶಾಖದ ಒಂದು ಪಾಲು ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಕೊಳವೆಯೊಳಗೆ ಕಪ್ಪು ಟಾರು ಕಟ್ಟುತ್ತದೆ. ಆ ಟಾರಿಗೆ ಒಂದು ದಿನ ಬೆಂಕಿ ಹತ್ತಿದರೆ ಕೊಳವೆ ಕೆಂಪಗಾಗುತ್ತದೆ. ಕೆಳಗೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟು (ಲಿಟರ್), ಪಕ್ಕದಲ್ಲಿ ಪ್ಲಾಸ್ಟಿಕ್ ಪರದೆ. ಯೋಚನೆ ಮಾಡಿ. ಬೇಸಿಗೆಯಲ್ಲೇ ಕಡಿದು, ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ ಇಡಿ. ಎರಡು ತುಂಡು ಬಡಿದರೆ ಠಣ್ ಅನ್ನಬೇಕು.

ನಾವು ತುಂಬುವ ರೀತಿ ಹೀಗೆ. ತಳದಲ್ಲಿ ಎರಡು ಬೆರಳು ಬೂದಿ ಹಾಗೇ ಇರಲಿ, ಕೆರೆದು ತೆಗೆಯಬೇಡಿ. ಕಟ್ಟಿಗೆಗೆ ಕೆಳಗಿನಿಂದ ಗಾಳಿ ಬೇಕಿಲ್ಲ. ತಳದ ತೂತಿದ್ದರೆ ಅದನ್ನೊಂದು ಮಾತ್ರ ಮುಚ್ಚಿ, ಬಾಗಿಲಿನದು ಇಟ್ಟುಕೊಳ್ಳಿ. ತೊಡೆ ಗಾತ್ರದ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಸಣ್ಣದು, ಅದರ ಮೇಲೆ ಹತ್ತಿ ಕಟ್ಟಿಗೆ. ಮೇಲಿನಿಂದಲೇ ಬೆಂಕಿ ಕೊಡಿ. ಅರ್ಧ ಗಂಟೆ ಪೂರ್ತಿ ಗಾಳಿ ಬಿಡಿ, ಕೊಳವೆ ಚೆನ್ನಾಗಿ ಕಾಯಲಿ. ಆಮೇಲೆ ಅರ್ಧಕ್ಕೆ ತನ್ನಿ. ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿ, ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಗಾಳಿ ಸಾಲದು. ಹೀಗೆ ಮಾಡಿದರೆ 200 ಲೀಟರ್ ಡ್ರಮ್ಮಿನಲ್ಲಿ ನಾಲ್ಕೈದು ಗಂಟೆ ಗಟ್ಟಿ ಶಾಖ, ಆಮೇಲೆ ಒಂದೆರಡು ಗಂಟೆ ಕೆಂಡ. ನಡುರಾತ್ರಿ ಎರಡಕ್ಕೆ ಒಮ್ಮೆ ಎದ್ದು ಕೆಂಡವನ್ನು ಬಾಗಿಲ ಕಡೆ ಎಳೆದು ಹಿಂದೆ ಹೊಸ ತುಂಡು ಹಾಕಲೇಬೇಕು. ಮೊದಲ ವಾರ ನಿದ್ದೆ ಬಿಡಲಾಗದವರು ಮರಿ ಇಳಿಸಬೇಡಿ.

ಡ್ರಮ್ಮಿನ ಸುತ್ತ ಒಂದು ಗೇಣು ಬಿಟ್ಟು ಇಟ್ಟಿಗೆ ಕಟ್ಟಿ. ಉರಿ ಇಳಿದ ಮೇಲೂ ಇಟ್ಟಿಗೆ ಬಿಸಿ ಬಿಡುತ್ತದೆ, ಮರಿಗಳೂ ಡ್ರಮ್ಮಿಗೆ ತಾಗುವುದಿಲ್ಲ. ಬಾಗಿಲ ಸಂದಿಗೆ ಎಂ-ಸೀಲ್ ಹಚ್ಚಿದ್ದೀರಿ ಅಂದಿರಿ. ಅದು ನೀರಿನ ಪೈಪಿಗೆ ಒಳ್ಳೆಯದು, ಒಲೆಯ ಕಾವಿಗೆ ನಿಲ್ಲುವುದಿಲ್ಲ. ಸೆರಾಮಿಕ್ ಫೈಬರ್ ಹಗ್ಗ ತಂದು ಹಾಕಿ, ಇಲ್ಲವೇ ಹೊಟ್ಟು ಕಲಸಿದ ಎರೆಮಣ್ಣು ಸಾಕು, ಬಿರುಕು ಬಿಟ್ಟಾಗ ಮತ್ತೆ ಮೆತ್ತಿ. ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನ ಒಲೆ, ಜಿಐ ಕೊಳವೆ ಬೇಡ, ಕಾದರೆ ಸತುವಿನ ಹೊಗೆ ಬಿಡುತ್ತದೆ. ಬಣ್ಣ ಬಳಿದ ಹಳೇ ಡ್ರಮ್ ಆದರೆ ಮೊದಲು ಬಯಲಲ್ಲಿ ಎರಡು ಸಲ ಜೋರಾಗಿ ಉರಿಸಿ ತನ್ನಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗಾಳಿ ಕಟ್ಟಿದ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪರದೆ ಪೂರ್ತಿ ಮುಚ್ಚಿ ಆಳನ್ನು ಶೆಡ್ಡಿನೊಳಗೇ ಮಲಗಿಸುವುದು ಇವತ್ತಿನಿಂದಲೇ ನಿಲ್ಲಲಿ. ಕೊಳವೆ ಮಾಡಿನ ನೆತ್ತಿಗಿಂತ ಮೇಲೆ ಹೋಗಬೇಕು, ಪರದೆಯ ಮೇಲ್ಭಾಗ ಒಂದಿಷ್ಟು ತೆರೆದಿರಬೇಕು. ಬಾಣಲೆಯಲ್ಲಿ ಇದ್ದಿಲು ಇಡುವವರಿಗೂ ಇದೇ ಮಾತು.

ಕಾರಟಗಿ, ಸಿಂಧನೂರು ಕಡೆಯವರು ಅಕ್ಕಿ ಮಿಲ್ಲಿನ ಹೊಟ್ಟು ತುಂಬಿ ಉರಿಸಬಹುದಾ ಅಂತ ಕೇಳಿದ್ದರು. ನಡುವೆ ಕೊಳವೆ ನಿಲ್ಲಿಸಿ ಸುತ್ತ ಹೊಟ್ಟು ಗಿಡಿದು, ಕೊಳವೆ ಎಳೆದು ಹೊತ್ತಿಸುವ ಒಲೆ ಕೈ ಹಾಕದೆ ಗಂಟೆಗಟ್ಟಲೆ ಉರಿಯುತ್ತದೆ, ನಿಜ. ಆದರೆ ಐದರಲ್ಲಿ ಒಂದು ಪಾಲು ಬೂದಿ, ನಡುವೆ ಕುಸಿದರೆ ಹೊಗೆಯೋ ಹೊಗೆ. ನೀರು ಕಾಯಿಸುವುದಕ್ಕೆ ಇಟ್ಟುಕೊಳ್ಳಿ, ಮರಿ ಶೆಡ್ಡಿಗೆ ಬೇಡ.

ಥರ್ಮಾಮೀಟರ್ ಕಂಬಕ್ಕೆ ಎದೆಯೆತ್ತರದಲ್ಲಿ ತೂಗುಹಾಕಿದ ಫೋಟೋ ನೋಡಿದೆ. ಅದನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಳಿಸಿ. ಇವತ್ತು ರಾತ್ರಿ ಎರಡಕ್ಕೆ ಎಷ್ಟಿದೆ ನೋಡಿ ಇಲ್ಲೇ ಹಾಕಿ, ಆಮೇಲೆ ಒಂದು ಒಲೆ ಸಾಕಾ ಎರಡು ಬೇಕಾ ಹೇಳುತ್ತೇನೆ.